ಗಂಡನ ಹೆಸರು ಕೇಳುವ ಕಾಲಂ

ಬನಹಟ್ಟಿಯ ಓಣಿಗೆ ಕಾಲಿಟ್ಟರೆ ಮೊದಲು ಕೇಳಿಸುವುದು ಮಗ್ಗ. ಊರು ಕಾಣುವುದು ಆಮೇಲೆ. ಎರಡೂ ಬದಿಯ ಮನೆಗಳೊಳಗಿಂದ ಪಾವರ್‌ಲೂಮ್‌ಗಳ ಖಟಖಟ ಒಂದರ ಮೇಲೊಂದು ಬೀಳುತ್ತದೆ. ಮಾತಾಡುವವರು ತಮಗರಿಯದೆಯೇ ದನಿ ಏರಿಸಿರುತ್ತಾರೆ. ಕರೆಂಟು ಹೋದರೆ ಆ ಏರಿದ ದನಿ ಓಣಿಗೆಲ್ಲ ಕೇಳಿ, ಗುಟ್ಟು ಹೇಳುತ್ತಿದ್ದವರು ಸಿಕ್ಕಿಬೀಳುತ್ತಾರೆ.

ಪಡಸಾಲೆಯ ಬೆಳಕಿಗೆ ಮುಖ ಮಾಡಿ ಕುಳಿತ ಹೆಂಗಸು ಕಂಡಿಕೆ ಸುತ್ತುತ್ತಾಳೆ. ಬಲಗೈ ಚಕ್ರದ ಮೇಲೆ, ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಓಡುವ ನೂಲು. ಎಳೆ ಹರಿದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಚಕ್ರ ನಿಲ್ಲಿಸಿ, ಎರಡು ತುದಿ ಹುಡುಕಿ, ಹೊಸೆದು ಗಂಟು ಹಾಕಿ, ಹೆಚ್ಚಾದ ಬಾಲವನ್ನು ಹಲ್ಲಿನಿಂದ ಕಡಿದು ಉಗುಳಿ ಮತ್ತೆ ತಿರುಗಿಸುತ್ತಾಳೆ. ಕಂಡಿಕೆ ಲಾಳಿಯೊಳಗೆ ಕೂರದಿದ್ದರೆ ಹೊಕ್ಕಿಲ್ಲ, ಹೊಕ್ಕಿಲ್ಲದೆ ಸೀರೆಯಿಲ್ಲ. ಬಟವಾಡೆಯ ದಿನ ಮಾಲಕರ ವಹಿಯಲ್ಲಿ ಏರುವುದು ಮಾತ್ರ ಸೀರೆಗಳ ಎಣಿಕೆ, ಅದರ ಎದುರು ನೇಯ್ದವನ ಹೆಸರು. ಮನೆಯಲ್ಲೇ ಕಂಡಿಕೆ ಸುತ್ತಿದವಳ ದುಡಿಮೆ ಅವನ ಮಜೂರಿಯೊಳಗೆ ಕರಗಿಹೋಗಿರುತ್ತದೆ.

ಆ ನೇಕಾರನೂ ಕಾನೂನಿನ ಕಣ್ಣಿಗೆ ಸುಲಭವಾಗಿ ಬಿದ್ದವನಲ್ಲ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಜನ ದುಡಿಯುತ್ತಿದ್ದರೆ ಅದನ್ನು ಕಾರ್ಖಾನೆ ಎನ್ನುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಮಿತಿ 20ಕ್ಕೆ ಏರಿತು. ನಾಲ್ಕಾರು ಮಗ್ಗಗಳ ಶೆಡ್ಡು ಎರಡೂ ಲೆಕ್ಕಕ್ಕೆ ಹೊರಗೆ. ನಮ್ಮನ್ನೂ ಕಾರ್ಮಿಕರೆಂದು ಬರೆದುಕೊಳ್ಳಿ, ಕಟ್ಟಡ ಕಾರ್ಮಿಕರಿಗೆ ಸಿಗುವುದು ನಮಗೂ ಸಿಗಲಿ ಎಂದು ರಬಕವಿ-ಬನಹಟ್ಟಿಯ ನೇಕಾರರು ಮನವಿ ಹಿಡಿದು ಅಲೆದದ್ದು ಇದಕ್ಕೇ. ದುಡಿಯುವುದು ಒಂದು, ದುಡಿಯುವವನೆಂದು ಬರೆಸಿಕೊಳ್ಳುವುದು ಇನ್ನೊಂದು.

ದಕ್ಷಿಣಕ್ಕೆ ಮುಧೋಳದ ಕಡೆ ಹೊರಟರೆ ಮಗ್ಗದ ಸದ್ದು ಹಿಂದಾಗಿ ಕಬ್ಬು ಶುರುವಾಗುತ್ತದೆ. ಹಂಗಾಮಿನಲ್ಲಿ ಕಾರ್ಖಾನೆಯ ದಾರಿಯೆಲ್ಲ ಟ್ರ್ಯಾಕ್ಟರುಗಳ ಸಾಲು. ಗದ್ದೆಯ ಅಂಚಿಗೆ ತಾಡಪಾಲಿನ ಗುಡಿಸಲು. ಮಹಾರಾಷ್ಟ್ರದ ಬೀಡ್ ಕಡೆಯಿಂದ ಈ ಗಡಿಯ ಕಾರ್ಖಾನೆಗಳಿಗೆ ಬರುವ ಗ್ಯಾಂಗುಗಳಲ್ಲಿ ಗಂಡ-ಹೆಂಡತಿ ಸೇರಿದರೆ ಒಂದು ಕೊಯ್ತಾ. ಆಳು ಕೂಡಿಸುವ ಮುಕಾದಮ ಮುಂಗಡ ಕೊಡುವುದು ಆ ಜೋಡಿಗೆ. ಅವನು ಕಡಿದದ್ದನ್ನು ಅವಳು ಸೂಡು ಕಟ್ಟಿ ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುತ್ತಾಳೆ. ಗಂಡನಿಲ್ಲದ ಹೆಂಗಸು ಎಷ್ಟೇ ಗಟ್ಟಿಗಿತ್ತಿಯಾದರೂ ಈ ಲೆಕ್ಕದಲ್ಲಿ ಅರ್ಧ.

ಆದರೆ ಗಂಡನಿಲ್ಲದ ಮನೆಗಳು ಈ ಸೀಮೆಗೆ ಹೊಸವಲ್ಲ. ಮುಧೋಳದ ಬಳೆಗಾರರ ಮನೆಯ ರನ್ನನಿಂದ 'ಅಜಿತಪುರಾಣ' ಬರೆಸಿದ ಅತ್ತಿಮಬ್ಬೆ ಗಂಡ ತೀರಿದ ಮೇಲೆ ತಾನೇ ನಿಂತು ಬಾಳಿದವಳು. ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳು ತವರಿನಲ್ಲೇ ಉಳಿದು ಮನೆಯ ಗಂಡುಮಗನ ಜಾಗದಲ್ಲಿ ನಿಂತು ತಂದೆತಾಯಿಯನ್ನು ನೋಡಿಕೊಳ್ಳುವ ಪದ್ಧತಿ ಇಲ್ಲಿತ್ತು. ಅದರ ಹಿಂದಿನ ಬಡತನವನ್ನೂ, ಮೇಲಿನವರು ಅದನ್ನು ಬಳಸಿಕೊಂಡದ್ದನ್ನೂ ಮರೆಯುವಂತಿಲ್ಲ. 1982ರ ಕಾಯ್ದೆ ಆ ದೇವದಾಸಿ ಪದ್ಧತಿಯನ್ನು ಅಪರಾಧ ಎಂದಿತು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟು ಮಕ್ಕಳು ತಲೆ ತಗ್ಗಿಸಿ ನಿಂತರು. ಅದೇ ಎಲ್ಲಮ್ಮನ ಹೆಸರಿನಲ್ಲಿ ಗಂಡಾಗಿ ಹುಟ್ಟಿ ಸೀರೆಯುಟ್ಟ ಜೋಗಪ್ಪಗಳು ಚೌಡಿಕೆ ಹಿಡಿದು ಮನೆಯಂಗಳಕ್ಕೆ ಬಂದರೆ, ಕಾಲಿಗೆ ನೀರು ಹಾಕಿ ಅಕ್ಕಿ ಕೊಡುವವರು ಇಂದಿಗೂ ಇದ್ದಾರೆ. ಜನ ಇದನ್ನೆಲ್ಲ ಕಂಡುಂಡವರು. ಕಾಣದಿರುವುದು ಕಾಗದ.

ಕಾಗದದ ಊರು ಜಮಖಂಡಿ. ಪಟವರ್ಧನರ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿ-ಕೋರ್ಟಿನ ಗತ್ತು ಊರಿನಲ್ಲಿ ಉಳಿಯಿತು. ಕೋರ್ಟಿನ ಸುತ್ತ ಬೆಳಗ್ಗೆ ಹತ್ತರ ಹೊತ್ತಿಗೆ ಕರಿಕೋಟು, ಗಾಂಧಿ ಟೊಪ್ಪಿಗೆ, ಇಳಕಲ್ ಸೆರಗು ಎಲ್ಲ ಒಂದೇ ಚಹಾದಂಗಡಿಗೆ ಸೇರುತ್ತವೆ. ಎಲ್ಲರ ಕಂಕುಳಲ್ಲೂ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಜಮೀನಿನ ಉತಾರ. ಇದೇ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿ ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದು ವಕೀಲಿಕೆ ಹೂಡಿದ್ದು ಜಮಖಂಡಿಯಲ್ಲಿ. ಮೈಸೂರು ರಾಜ್ಯದ ಮುಖ್ಯಮಂತ್ರಿ, ಮುಂದೆ ಹಂಗಾಮಿ ರಾಷ್ಟ್ರಪತಿಯಾದ ಅವರನ್ನು ಹಳ್ಳಿಯ ಲೆಕ್ಕದಲ್ಲಿ ನೆನೆಯಬೇಕಾದದ್ದು ಭೂಸುಧಾರಣಾ ಸಮಿತಿಗಾಗಿ. ಅವರು ಅಧ್ಯಕ್ಷರಾಗಿದ್ದ ಆ ಸಮಿತಿಯ ವರದಿಯ ಬೆನ್ನಿಗೆ 1961ರ ಭೂಸುಧಾರಣಾ ಕಾಯ್ದೆ ಬಂತು. 1974ರ ತಿದ್ದುಪಡಿಯ ಮೇಲೆ ಗೇಣಿದಾರರು ಫಾರ್ಮ್ ನಂಬರ್ 7 ತುಂಬಿ ಸಾಲು ನಿಂತರು. ಉಳುವವನು ಉಳುತ್ತಲೇ ಇದ್ದ. ಒಡೆಯನಾದದ್ದು ಹೆಸರು ಬರೆಸಿದ ದಿನ.

ಹೀಗೆ ಹೆಸರು ಬರೆಸುವ ಕೆಲಸಕ್ಕೆ ಬಾಳು ಸವೆಸಿದ ವಕೀಲೆಯೊಬ್ಬರು ಅಮೆರಿಕದಲ್ಲಿದ್ದರು: ಪಾಲಿ ಮರ್ರಿ. 1910ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು. 1940ರಲ್ಲಿ ವರ್ಜೀನಿಯಾದ ಬಸ್ಸಿನಲ್ಲಿ ಹಿಂದಿನ ಮುರುಕು ಸೀಟಿಗೆ ಹೋಗಲೊಲ್ಲೆ ಎಂದು ಜೈಲಿಗೆ ಹೋದಾಗ ಅವರ ತಲೆಯಲ್ಲಿದ್ದದ್ದು ಗಾಂಧಿಯ ಸತ್ಯಾಗ್ರಹ. ಹೊರಬಂದ ಮೇಲೆ ಕಾರ್ಮಿಕರ ರಕ್ಷಣಾ ಸಂಘ ಸೇರಿ, ಒಡೆಲ್ ವಾಲರ್ ಎಂಬ ಪಾಲುಗಾರ ರೈತನ ಜೀವ ಉಳಿಸಲು ಊರೂರು ತಿರುಗಿ ಹಣ ಕೂಡಿಸಿದರು. ಗೋಧಿಯ ಪಾಲಿನ ಜಗಳದಲ್ಲಿ ಜಮೀನಿನ ಒಡೆಯನನ್ನು ಕೊಂದವನು ಅವನು. ಅವನ ವಿಚಾರಣೆಯ ಜ್ಯೂರಿಯಲ್ಲಿ ಅವನಂಥ ಬಡವರಿಗೆ ಜಾಗವೇ ಇರಲಿಲ್ಲ. 1942ರಲ್ಲಿ ಅವನಿಗೆ ಮರಣದಂಡನೆಯಾಯಿತು. ಆ ಸೋಲಿನ ನಡುವೆಯೇ ಕಾನೂನು ಓದಲು ಕೂತ ಮರ್ರಿ, 1944ರಲ್ಲಿ ಹಾವರ್ಡ್ ವಿಶ್ವವಿದ್ಯಾಲಯದ ತರಗತಿಗೆ ಮೊದಲಿಗರಾಗಿ ಹೊರಬಿದ್ದರು. ಬಣ್ಣದ ಬೇಲಿಯ ಜೊತೆಗೆ ಹೆಣ್ಣಿಗೆ ಹಾಕಿದ ಬೇಲಿಯನ್ನೂ ಕೋರ್ಟಿಗೆ ತೋರಿಸಿಕೊಟ್ಟರು. ಅವರ ಒಲವು ಹೆಂಗಸರ ಕಡೆಗಿತ್ತು. ಬದುಕಿದ್ದಾಗ ಅದನ್ನು ಯಾವ ಅರ್ಜಿಯಲ್ಲೂ ಬರೆಯುವ ಹಾಗಿರಲಿಲ್ಲ. 1985ರಲ್ಲಿ ತೀರಿಕೊಂಡರು.

ಅಂಥ ಒಲವನ್ನು ಬರೆಯುವ, ಬಾಯಿಬಿಟ್ಟು ಹೇಳುವ ಕಾಲ ನಮ್ಮಲ್ಲಿ ಬಂದದ್ದು ಬೆಂಗಳೂರಿನಲ್ಲಿ ಕಾನೂನು ಕಲಿತ ಒಬ್ಬ ವಕೀಲೆಯ ಬಾಳಿನಲ್ಲಿ. ಮೇನಕಾ ಗುರುಸ್ವಾಮಿ 1974ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. 1997ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಿಂದ ಪದವಿ ಪಡೆದರು. ಆಕ್ಸ್‌ಫರ್ಡ್, ಹಾರ್ವರ್ಡ್, ನ್ಯೂಯಾರ್ಕಿನ ದೊಡ್ಡ ವಕೀಲಿ ಕಂಪನಿ ಎಲ್ಲ ಮುಗಿಸಿ ದಿಲ್ಲಿಗೆ ಮರಳಿದರು. ಹಿಡಿದ ಪ್ರಕರಣಗಳನ್ನು ನೋಡಿದರೆ ಮನುಷ್ಯರ ಗುರುತು ಸಿಗುತ್ತದೆ. ಛತ್ತೀಸಗಡದಲ್ಲಿ ಆದಿವಾಸಿ ಹುಡುಗರಿಗೆ ತಿಂಗಳಿಗೆ 3,000 ರೂಪಾಯಿ ಗೌರವಧನ ಕೊಟ್ಟು, ಕೈಗೆ ಬಂದೂಕು ಕೊಟ್ಟು ನಕ್ಸಲರ ಮುಂದೆ ನಿಲ್ಲಿಸಿದ ವ್ಯವಸ್ಥೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆ ಅರ್ಜಿದಾರರ ವಕೀಲರ ತಂಡದಲ್ಲಿ ಅವರಿದ್ದರು. ಮಣಿಪುರದಲ್ಲಿ 1,528 ಜನರನ್ನು ಕಾನೂನು ಮೀರಿ ಕೊಲ್ಲಲಾಗಿದೆ ಎಂಬ ಅರ್ಜಿಯಲ್ಲಿ ಕೋರ್ಟಿನ ಸಹಾಯಕಿಯಾಗಿ ನಿಂತರು. ಬಡ ಮಕ್ಕಳಿಗೆ ಖಾಸಗಿ ಶಾಲೆಯ ಬಾಗಿಲು ತೆರೆದ ಶಿಕ್ಷಣ ಹಕ್ಕಿನ ಕಾಯ್ದೆಯ ಪರ ವಾದಿಸಿದರು.

2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮವನ್ನು ಮತ್ತೆ ಅಪರಾಧದ ಪಟ್ಟಿಗೆ ಸೇರಿಸಿತು. ಹಾಗೆ ಅಪರಾಧ ಎಂದದ್ದು ದಂಡಸಂಹಿತೆಯ 377ನೇ ಕಲಂ, 1860ರದು. 2017ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪು ಬಂದಾಗ ಆ ಕಲಂನ ಬುಡ ಅಲುಗಿತು. ಮರುವರ್ಷ ಐಐಟಿಗಳಲ್ಲಿ ಓದುತ್ತಿದ್ದ, ಓದಿ ಮುಗಿಸಿದ 20 ಜನರ ಪರವಾಗಿ ಮೇನಕಾ ಐವರು ನ್ಯಾಯಮೂರ್ತಿಗಳ ಮುಂದೆ ನಿಂತರು. ಈ ಕಲಂ ಬರಿಯ ಮೈಯ ವಿಷಯವಲ್ಲ, ಪ್ರೀತಿಯ ವಿಷಯ. ಕೆಲಸ, ಮಾನ, ನಾಳೆಯ ಬದುಕು ಎಲ್ಲ ಇದಕ್ಕೆ ಒತ್ತೆಯಾಗಿದೆ ಎಂಬುದು ಅವರ ವಾದದ ತಿರುಳು. 2018ರ ಸೆಪ್ಟೆಂಬರ್ 6ರಂದು ಪರಸ್ಪರ ಒಪ್ಪಿದ ವಯಸ್ಕರ ಮಟ್ಟಿಗೆ ಆ ಕಲಂ ಬಿದ್ದಿತು. 2019ರಲ್ಲಿ ಅವರೂ, ಜೊತೆಗೆ ದುಡಿದ ವಕೀಲೆ ಅರುಂಧತಿ ಕಾಟ್ಜು ಅವರೂ ತಾವು ಸಂಗಾತಿಗಳೆಂದು ಟಿವಿ ಸಂದರ್ಶನದಲ್ಲಿ ಹೇಳಿಕೊಂಡರು. 2013ರ ಸೋಲು ತಮ್ಮ ಸ್ವಂತದ ಸೋಲೂ ಆಗಿತ್ತು ಎಂದರು. ಅಲ್ಲಿಯವರೆಗೂ ಕಕ್ಷಿದಾರರ ಹೆಸರು ಬರೆಸುತ್ತಿದ್ದವರು ಆ ದಿನ ತಮ್ಮದನ್ನೂ ಬರೆಸಿದರು.

ಜೈಲಿನ ಭಯ ಹೋಯಿತು. ಮನೆಯ ಭಯ ಉಳಿಯಿತು. ಹೆಣ್ಣುಮಕ್ಕಳ ಜೋಡಿಯನ್ನು ಹಿಂಡಿದ್ದು 377ಕ್ಕಿಂತ ಹೆಚ್ಚಾಗಿ ಕಾಣೆಯಾದ ದೂರು, ಅವಸರದ ಲಗ್ನ, ಬೀಗ ಹಾಕಿದ ಕೋಣೆ. 2024ರ ಮಾರ್ಚ್‌ನಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೆ ಮಾರ್ಗಸೂಚಿ ಕೊಟ್ಟಿತು: ಹೀಗೆ ಕೂಡಿಹಾಕಿದವರನ್ನು ಬಿಡಿಸಿ ಎಂಬ ಅರ್ಜಿ ಬಂದರೆ ತಡಮಾಡಬೇಡಿ, ಆ ವ್ಯಕ್ತಿಯನ್ನು ಮನೆಯವರಿಂದ ದೂರ ಕೂಡಿಸಿ ಮಾತಾಡಿಸಿ, ಬುದ್ಧಿ ಹೇಳಿ ಮನಸ್ಸು ತಿರುಗಿಸಲು ಹೋಗಬೇಡಿ. ಬಾಗಲಕೋಟೆ ಜಿಲ್ಲೆಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಬಚ್ಚಿಟ್ಟ ಹುಡುಗಿಗೆ ಆ ಬಸ್ಸು ಹತ್ತಿಸುವವರು ಬೇಕು.

ಬೀಳಗಿಯ ಕಡೆ ಬನ್ನಿ. ಇಲ್ಲಿ ಹೊಲದ ಅಂಚಿನಲ್ಲಿ ನಿಂತರೆ ಆಲಮಟ್ಟಿಯ ಹಿನ್ನೀರು ಕಾಣುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೆಯ ಹೊಲದ ಬದು, ಬಾವಿಯ ಕಲ್ಲು ಮೇಲೆ ಬರುತ್ತವೆ. ಅಣೆಕಟ್ಟನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಪರಿಹಾರ ಸಿಗುವುದು ಉತಾರದಲ್ಲಿ ಹೆಸರಿದ್ದವರಿಗೆ. ಅದಕ್ಕೇ ಇಲ್ಲಿಯ ಮುದುಕಿಯರಿಗೂ ಸರ್ವೆ ನಂಬರು ಬಾಯಿಪಾಠ. ಇಷ್ಟು ಕಟ್ಟುನಿಟ್ಟಿನ ನೆಲದ ಕಾನೂನೇ ಒಂದು ಬಾಗಿಲು ತೆರೆದಿಟ್ಟಿದೆ. 2013ರ ಭೂಸ್ವಾಧೀನ ಕಾಯ್ದೆಯ ವ್ಯಾಖ್ಯೆಯಂತೆ ವಯಸ್ಕರು ಗಂಡಾಗಲಿ ಹೆಣ್ಣಾಗಲಿ, ಸಂಗಾತಿ ಮಕ್ಕಳು ಇರಲಿ ಬಿಡಲಿ, ಪ್ರತ್ಯೇಕ ಕುಟುಂಬವೆಂದೇ ಲೆಕ್ಕ. ಅದೇ ವರ್ಷದ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಮಾಡಿತು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಆ ಯಜಮಾನಿಯ ಖಾತೆಗೆ. ಗಂಡನ ಹೆಸರು ಕೇಳುವ ಕಾಲಂ ನೆಲದಲ್ಲೂ ಅನ್ನದಲ್ಲೂ ಆಗಲೇ ಸಡಿಲಾಗಿದೆ.

ಲಗ್ನದ ರಿಜಿಸ್ಟರಿನಲ್ಲಿ ಸಡಿಲಾಗಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಒಪ್ಪಲಿಲ್ಲ. ಆ ಪ್ರಕರಣದಲ್ಲೂ ವಾದಿಸಿದ್ದ ಮೇನಕಾ ಸೋತರು. ಸೋಲಿನ ಬಾಲಕ್ಕೆ ಅಂಟಿಕೊಂಡು ಎರಡು ಸಣ್ಣ ಕಾಗದ ಬಂದವು. 2024ರಲ್ಲಿ ಕೇಂದ್ರದ ಆಹಾರ ಇಲಾಖೆ, ಒಂದೇ ಸೂರಿನಡಿ ಇರುವ ಇಂಥ ಸಂಗಾತಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಎಣಿಸಿ ಎಂದು ರಾಜ್ಯಗಳಿಗೆ ಬರೆಯಿತು. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ ಆಗಸ್ಟ್ 28ರಂದು ತಿಳಿಸಿತು.

ಆ ಎರಡು ಕಾಗದ ರಬಕವಿಯ ಬ್ಯಾಂಕಿನ ಕೌಂಟರಿಗೆ ತಲುಪಬೇಕು. ಕಂಡಿಕೆ ಸುತ್ತಿ ಒಂದೇ ಕೋಣೆಯಲ್ಲಿ ಬಾಳುವ ಇಬ್ಬರು ಹೆಂಗಸರು ಅಲ್ಲಿಗೆ ಬಂದರೆಂದುಕೊಳ್ಳಿ. ಅವರು ತಮ್ಮ ಸಂಬಂಧಕ್ಕೆ ಯಾವ ಹೆಸರೂ ಇಟ್ಟುಕೊಂಡಿರಲಿಕ್ಕಿಲ್ಲ. ಗೆಣತಿ ಅನ್ನುತ್ತಾರೆ, ಓಣಿಯೂ ಹಾಗೇ ಅನ್ನುತ್ತದೆ. ಅವರಿಗೆ ಬೇಕಾದದ್ದು ಸುತ್ತಿದ ಕಂಡಿಕೆಗೆ ಬೇರೆಯಾಗಿ ಬರೆದ ಮಜೂರಿ, ಒಬ್ಬಳು ಹಾಸಿಗೆ ಹಿಡಿದರೆ ಇನ್ನೊಬ್ಬಳು ಬಿಡಿಸಿಕೊಳ್ಳಬಹುದಾದ ಉಳಿತಾಯ. ಮೊದಲನೆಯದು ಕಾರ್ಮಿಕರ ಹಕ್ಕು, ಎರಡನೆಯದು ಪ್ರೀತಿಸುವವರ ಹಕ್ಕು ಎಂದು ಕಾನೂನಿನ ಪುಸ್ತಕ ವಿಂಗಡಿಸುತ್ತದೆ. ಅವರ ಪಾಲಿಗೆ ಎರಡೂ ಒಂದೇ ಪಾಸ್‌ಬುಕ್ಕಿನವು. ಇದಕ್ಕೆ ದಿಲ್ಲಿಯ ಹಿರಿಯ ವಕೀಲರು ಮತ್ತೆ ಬರಬೇಕಾಗಿಲ್ಲ, ಅವರು ಮಾಡುವಷ್ಟು ಮಾಡಿದ್ದಾರೆ. ಗೇಣಿದಾರನ ಫಾರ್ಮ್ ತುಂಬಿಕೊಟ್ಟ ಜಮಖಂಡಿಯಂಥ ಊರಿನಲ್ಲಿ ಈ ಇಬ್ಬರ ಫಾರ್ಮನ್ನೂ ಮುಖ ಸಿಂಡರಿಸದೆ ತುಂಬಿಕೊಡುವ ಒಬ್ಬ ವಕೀಲೆ ಸಾಕು.