ನಿಮಗಿದು ಗೊತ್ತೆ? ಟ್ಯಾಂಕ್ ತುಂಬದಿದ್ದರೂ ಪಂಪ್ ‘ಟಕ್’!

ಪೆಟ್ರೋಲ್ ಪಂಪಿನ ನಾಜಲ್ ತಾನಾಗಿಯೇ ನಿಲ್ಲಲು ವಿದ್ಯುತ್ತೂ ಬೇಡ, ಸೆನ್ಸರೂ ಬೇಡ. ಅದರ ತುದಿಯಲ್ಲೊಂದು ಪುಟ್ಟ ರಂಧ್ರವಿದೆ. ಹರಿಯುವ ಪೆಟ್ರೋಲ್ ಅದರ ಮೂಲಕ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ರಂಧ್ರ ಮುಚ್ಚಿತೋ, ಒಳಗಿನ ಒತ್ತಡ ಕುಸಿದು ವಾಲ್ವ್ ‘ಟಕ್’ ಎಂದು ಮುಚ್ಚಿಕೊಳ್ಳುತ್ತದೆ.

ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಈ ‘ಟಕ್’ ಪದೇ ಪದೇ ಕೇಳುತ್ತದೆ. ಜಾಗ ಇಕ್ಕಟ್ಟಾದ್ದರಿಂದ ಟ್ಯಾಂಕ್ ಅಂಕುಡೊಂಕು, ಪೈಪಿಗೂ ತಿರುವು. ಒಳಗಿನ ಗಾಳಿ ಬೇಗ ಹೊರಬರದೆ ಪೆಟ್ರೋಲ್ ನಾಜಲ್ಲಿನತ್ತ ಉಕ್ಕುತ್ತದೆ. ಗಾಳಿಯ ಕೊಳವೆ ಕಟ್ಟಿಕೊಂಡಿದ್ದರಂತೂ ತೊಂದರೆ ಇನ್ನೂ ಹೆಚ್ಚು.

ಗಾಳಿಗೆ ಬೇರೆಯೇ ದಾರಿಯಿದ್ದರೆ ಈ ತೊಂದರೆಯಿಲ್ಲ. 1994ರಿಂದ 2009ರವರೆಗೆ ಫಾರ್ಮುಲಾ 1 ರೇಸ್‌ಗಳಲ್ಲಿ ಸೆಕೆಂಡಿಗೆ ಸುಮಾರು 12 ಲೀಟರ್ ಇಂಧನ ತುಂಬುತ್ತಿದ್ದರು. ಇಂಧನ ತುಂಬುವ ಕೊಳವೆಯಲ್ಲಿ ಎರಡು ದಾರಿ: ಒಂದರಲ್ಲಿ ಇಂಧನ ಒಳಗೆ, ಇನ್ನೊಂದರಲ್ಲಿ ಗಾಳಿ ಹೊರಗೆ!

ನಿಮ್ಮ ಕಾರಿನಲ್ಲೂ ಪದೇ ಪದೇ ‘ಟಕ್’ ಎಂದರೆ ಪಂಪಿನಲ್ಲಿ ಹೀಗೆ ಮಾಡಿ: ನಾಜಲ್ಲನ್ನು ತುಸು ತಿರುಗಿಸಿ, ಲಿವರ್ ಅರ್ಧ ಮಾತ್ರ ಒತ್ತಲು ಹೇಳಿ. ಟ್ಯಾಂಕ್ ಭರ್ತಿಯಾದ ಮೇಲೆ ಮಾತ್ರ ಮತ್ತೆ ತುಂಬಿಸಬೇಡಿ. ಹೆಚ್ಚಾದ ಪೆಟ್ರೋಲ್, ಆವಿ ಹೀರಲೆಂದು ಇಟ್ಟ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸಬಹುದು. ಪ್ರತಿ ಸಲವೂ ಇದೇ ಗೋಳಾದರೆ ಮೆಕ್ಯಾನಿಕ್‌ಗೆ ತೋರಿಸಿ.