ನಾಲ್ಕು ಊರಿಗೆ ಒಂದೇ ಇನ್‌ಬಾಕ್ಸ್

ಸೋಮವಾರ ಬೆಳಿಗ್ಗೆ ಹತ್ತೂವರೆ. ಅರಕಲಗೂಡು ಶಾಖೆಯಿಂದ ಹಾಸನದ ಮುಖ್ಯ ಕಚೇರಿಗೆ ಫೋನು: "ಸಾರ್, ಆಫೀಸ್ ಮೇಲ್ ಓಪನ್ ಆಗ್ತಿಲ್ಲ." ಹಾಸನದಲ್ಲಿ ಅದೇ ಮೇಲ್ ಸಲೀಸಾಗಿ ತೆರೆದಿದೆ, ಆದರೆ ಶುಕ್ರವಾರ ಬಂದಿರಬೇಕಾದ ಟೆಂಡರ್ ಪತ್ರ ಅದರಲ್ಲಿಲ್ಲ. ಆ ಪತ್ರ ಕಾಣುತ್ತಿರುವುದು ಹೊಳೆನರಸೀಪುರದವರ ಕಂಪ್ಯೂಟರಿನಲ್ಲಿ ಮಾತ್ರ. ಚನ್ನರಾಯಪಟ್ಟಣದವರು ಹೊಸ ಮೊಬೈಲಿನಲ್ಲಿ ಮೇಲ್ ಹಾಕಿಕೊಳ್ಳಲು ಹೋದರೆ ಓಟಿಪಿ ಕೇಳುತ್ತಿದೆ. ಆ ಓಟಿಪಿ ಹೋಗುತ್ತಿರುವುದು ಎರಡು ವರ್ಷದ ಹಿಂದೆ ವರ್ಗವಾಗಿ ಹೋದ ಮ್ಯಾನೇಜರ್ ಫೋನಿಗೆ. ಇದು ನಾನು ಕಟ್ಟಿದ ಉದಾಹರಣೆ. ಆದರೆ ಜಿಲ್ಲಾ ಕೇಂದ್ರದಲ್ಲಿ ಮುಖ್ಯ ಕಚೇರಿ, ತಾಲ್ಲೂಕುಗಳಲ್ಲಿ ಶಾಖೆಗಳಿರುವ ಸಂಸ್ಥೆಯಲ್ಲಿ ದುಡಿದವರಿಗೆ ಇವುಗಳಲ್ಲಿ ಒಂದಾದರೂ ಪರಿಚಿತವಾಗಿರುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಪಾಸ್‌ವರ್ಡ್ ಬದಲಿಸುವುದು. ದಯವಿಟ್ಟು ಅದನ್ನು ಮಾಡಬೇಡಿ. ನಾಲ್ಕೂ ಊರಿನ ಕಂಪ್ಯೂಟರು, ಮೊಬೈಲುಗಳಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರುತ್ತದೆ. ಹಾಸನದಲ್ಲಿ ಬದಲಿಸಿದ ಕ್ಷಣದಿಂದ ಅವೆಲ್ಲ ಹಳೆಯದನ್ನೇ ಹಿಡಿದು ಕೆಲವು ನಿಮಿಷಕ್ಕೊಮ್ಮೆ ಬಾಗಿಲು ತಟ್ಟತೊಡಗುತ್ತವೆ. ಯಾರೋ ಪಾಸ್‌ವರ್ಡ್ ಊಹಿಸಿ ನುಗ್ಗಲು ನೋಡುತ್ತಿದ್ದಾರೆ ಎಂದೇ ಸರ್ವರ್ ತಿಳಿಯುತ್ತದೆ. ಎಷ್ಟೋ ಸೇವೆಗಳು ಆಗ ಖಾತೆಯನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. ಸರಿಯಾದ ಪಾಸ್‌ವರ್ಡ್ ಕೊಟ್ಟವರಿಗೂ ಆಮೇಲೆ ಪ್ರವೇಶವಿಲ್ಲ. ಒಂದು ಊರಿನ ತೊಂದರೆ ನಾಲ್ಕು ಊರಿನದಾಗುತ್ತದೆ.

ಮೊದಲು ಮಾಡಬೇಕಾದ್ದು, ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದು. ಆ ಕಂಪ್ಯೂಟರಿನಲ್ಲಿ ಬೇರೆ ಯಾವ ವೆಬ್‌ಸೈಟೂ ತೆರೆಯದಿದ್ದರೆ ತೊಂದರೆ ಸಾಮಾನ್ಯವಾಗಿ ಇಂಟರ್‌ನೆಟ್ಟಿನದು. ನಿಮ್ಮ ಸ್ವಂತ ಮೇಲ್ ತೆರೆದು ಆಫೀಸಿನದು ತೆರೆಯದಿದ್ದರೆ ತೊಂದರೆ ಖಾತೆಯದು. ಆಫೀಸ್ ಮೇಲ್ ಮೊಬೈಲಿನಲ್ಲಿ ಬಂದು ಕಂಪ್ಯೂಟರಿನಲ್ಲಿ ಬಾರದಿದ್ದರೆ ತೊಂದರೆ ಆ ಕಂಪ್ಯೂಟರಿನದು. ಎರಡು ನಿಮಿಷದ ಕೆಲಸ. ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದಿ, ಫೋಟೊ ತೆಗೆದು ಕಳಿಸಿದರೆ ಇನ್ನೂ ಒಳ್ಳೆಯದು. "ಓಪನ್ ಆಗ್ತಿಲ್ಲ" ಎಂಬ ಒಂದೇ ಮಾತಿನಿಂದ ಯಾವ ತಂತ್ರಜ್ಞರಿಗೂ ಏನೂ ತಿಳಿಯುವುದಿಲ್ಲ.

ಅರಕಲಗೂಡಿನ ಪರದೆಯನ್ನು ಹತ್ತಿರದಿಂದ ನೋಡೋಣ. ನಡುವೆ, ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಬಲಗಡೆ ಕೆಳಮೂಲೆಯಲ್ಲಿ ಯಾರೂ ಗಮನಿಸದ ತಾರೀಖು: 1 ಜನವರಿ 2010. ಕಾಯಿಲೆ ಇರುವುದು ಅಲ್ಲಿ. ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದು 3 ವೋಲ್ಟಿನ ಸಿಆರ್2032. ಕರೆಂಟು ಇಲ್ಲದಾಗ ಒಳಗಿನ ಗಡಿಯಾರವನ್ನು ನಡೆಸುವುದು ಅದೇ. ಕೆಲವು ವರ್ಷಗಳಲ್ಲಿ ಅದು ಸೊರಗುತ್ತದೆ. ಆಮೇಲೆ ಶನಿವಾರ ಸಂಜೆ ಮೇನ್ ಸ್ವಿಚ್ ಆರಿಸಿ ಹೋದರೆ, ಸೋಮವಾರ ಬರುವ ಹೊತ್ತಿಗೆ ಗಡಿಯಾರ ತಯಾರಕರು ಇಟ್ಟ ಮೊದಲ ತಾರೀಖಿಗೆ ಮರಳಿರುತ್ತದೆ. ಮೇಲ್ ಸರ್ವರ್ ತನ್ನ ಗುರುತಿಗೆಂದು ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಅದಕ್ಕಿದೆ. 2010ರಲ್ಲಿ ಕುಳಿತ ಕಂಪ್ಯೂಟರಿಗೆ ಈ ವರ್ಷದ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ, ಹಾಗಾಗಿ ಅದು ನಂಬಲು ಒಪ್ಪುವುದಿಲ್ಲ. ಬ್ಯಾಟರಿ ಬದಲಿಸಿ, ತಾರೀಖು ಸರಿಪಡಿಸಿದರೆ ಮೇಲ್ ತೆರೆಯುತ್ತದೆ. ಪಾಸ್‌ವರ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ.

ಮೊಬೈಲಿನ ಗಡಿಯಾರಕ್ಕೂ ಇಷ್ಟೇ ಬೆಲೆಯಿದೆ. ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿಯ ಸಂಖ್ಯೆ ಎಸ್‌ಎಂಎಸ್ಸಿನಂತೆ ಹೊರಗಿನಿಂದ ಬರುವುದಲ್ಲ. 1970ರ ಜನವರಿ 1ರಿಂದ ಈವರೆಗೆ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸಿ, ಬಂದ ಪೂರ್ಣಾಂಕವನ್ನು ಖಾತೆಯ ಗುಟ್ಟಿನ ಕೀಲಿಯೊಡನೆ ಬೆರೆಸಿ, ಫೋನು ತಾನೇ ಅದನ್ನು ಲೆಕ್ಕ ಹಾಕುತ್ತದೆ. ಸರ್ವರ್ ತನ್ನ ಕಡೆಯೂ ಅದೇ ಲೆಕ್ಕ ಮಾಡುತ್ತದೆ. ಎರಡೂ ಹೊಂದಿದರೆ ಪ್ರವೇಶ. ಫೋನಿನ ಗಡಿಯಾರ ಎರಡು ಮೂರು ನಿಮಿಷ ಹಿಂದೆಮುಂದೆ ಆಗಿದ್ದರೆ ಎರಡು ಲೆಕ್ಕಗಳೂ ಬೇರೆಯಾಗುತ್ತವೆ. ಸೆಟ್ಟಿಂಗ್ಸಿನಲ್ಲಿ ತಾರೀಖು ಮತ್ತು ಸಮಯ ತಾನಾಗಿಯೇ ಹೊಂದಿಕೊಳ್ಳುವಂತೆ ಇಟ್ಟರೆ ಸಾಕು.

ಹೊಳೆನರಸೀಪುರದ ಕಥೆ ಬೇರೆ. ಅಲ್ಲಿನ ಹಳೆಯ ಮೇಲ್ ತಂತ್ರಾಂಶ ನಡೆಯುವುದು ಪಾಪ್ ಎಂಬ ಪದ್ಧತಿಯಲ್ಲಿ. ಆ ಪದ್ಧತಿಯ ಮೊದಲ ರೂಪ ಬಂದದ್ದು 1984ರಲ್ಲಿ. ಒಬ್ಬರಿಗೆ ಒಂದು ಪೆಟ್ಟಿಗೆ, ಓದುವುದು ಒಂದೇ ಯಂತ್ರದಲ್ಲಿ ಎಂಬುದು ಅಂದಿನ ಲೆಕ್ಕ. ಪತ್ರವನ್ನು ಇಳಿಸಿಕೊಂಡು ಸರ್ವರಿನಿಂದ ಅಳಿಸುವುದು ಅದರ ರೂಢಿ. ತಪಾಲು ಶಾಖೆಗೆ ಮೊದಲು ಬಂದವರು ಎಲ್ಲರ ತಪಾಲನ್ನೂ ಚೀಲಕ್ಕೆ ತುಂಬಿಕೊಂಡು ಹೋದ ಹಾಗೆ. ಟೆಂಡರ್ ಪತ್ರ ಕಾಣೆಯಾದದ್ದು ಹೀಗೆ. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್ ಪದ್ಧತಿಯಲ್ಲಿ ಪತ್ರಗಳು ಸರ್ವರಿನಲ್ಲೇ ಉಳಿಯುತ್ತವೆ, ಎಲ್ಲ ಊರಿನವರೂ ನೋಡುವುದು ಒಂದೇ ಪೆಟ್ಟಿಗೆಯನ್ನು. ಅದಕ್ಕೆ ಬದಲಾಯಿಸಿಕೊಳ್ಳಿ. ಆದರೆ ಅದಕ್ಕೂ ಮೊದಲು ಹೊಳೆನರಸೀಪುರದ ಆ ಕಂಪ್ಯೂಟರಿನಲ್ಲಿರುವ ಪತ್ರಗಳ ಪ್ರತಿ ತೆಗೆದಿಡಿ. ಅವು ಬೇರೆಲ್ಲೂ ಇಲ್ಲದಿರಬಹುದು.

ಹಾಸನದಲ್ಲಿ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಲ್ಲಿ ಶುರುವಾದ ಕೇಂದ್ರ. ಅಲ್ಲಿಂದ ಹೊರಟ ಆಜ್ಞೆ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹವನ್ನು ಸೆಕೆಂಡಿನ ಎಂಟನೇ ಒಂದು ಭಾಗದಷ್ಟರಲ್ಲಿ ಮುಟ್ಟುತ್ತದೆ. ಅದೇ ಊರಿನ ಕಚೇರಿಯ ಮೇಲ್ 40 ಕಿ.ಮೀ. ಆಸುಪಾಸಿನ ಚನ್ನರಾಯಪಟ್ಟಣದಲ್ಲಿ ತೆರೆಯದಿರಲು ದೂರ ಕಾರಣವಲ್ಲ, ಒಂದು ಫೋನ್ ನಂಬರ್ ಕಾರಣ. ಹುದ್ದೆಗೆ ಸೇರಿದ ಮೇಲ್ ವ್ಯಕ್ತಿಯ ನಂಬರಿಗೆ ಕಟ್ಟಿಕೊಂಡಿದೆ. 2014ರಲ್ಲಿ ರೂಪಿಸಿದ ಭಾರತ ಸರ್ಕಾರದ ಇ-ಮೇಲ್ ನೀತಿ ಇದನ್ನು ಮುಂಚೆಯೇ ಯೋಚಿಸಿತ್ತು. ಅಧಿಕಾರಿಗೆ ಹೆಸರಿನ ವಿಳಾಸ ಬೇರೆ, ಹುದ್ದೆಯ ವಿಳಾಸ ಬೇರೆ. ವರ್ಗವಾದಾಗ ಹುದ್ದೆಯ ವಿಳಾಸವನ್ನು ಮುಂದೆ ಬಂದವರಿಗೆ ಒಪ್ಪಿಸಬೇಕು. ಚಾರ್ಜ್ ಕೊಡುವಾಗ ಬೀರುವಿನ ಬೀಗದಕೈ ಎಣಿಸಿ ಕೊಡುತ್ತೇವಲ್ಲ, ಇದೂ ಅದೇ ಪಟ್ಟಿಯಲ್ಲಿರಬೇಕಾದ್ದು.

ಗಡಿಯಾರದ ತೊಂದರೆಯನ್ನು ಬಿಟ್ಟರೆ ಮಿಕ್ಕದ್ದನ್ನೆಲ್ಲ ಬಿಗಡಾಯಿಸುವುದು ನಾಲ್ಕೂ ಊರಿನವರು ಒಂದೇ ಪಾಸ್‌ವರ್ಡ್ ಹಂಚಿಕೊಂಡಿರುವುದು. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದೇ ಇದಕ್ಕೆ ತದ್ವಿರುದ್ಧವಾದ ಕಾರಣಕ್ಕೆ. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಬಳಸುವ ವ್ಯವಸ್ಥೆ ಕಟ್ಟಿತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾಸ್‌ವರ್ಡ್ ಕೊಟ್ಟಿತು. ಯಂತ್ರ ಒಂದು, ಗುರುತು ಹಲವು. ನಮ್ಮ ಕಚೇರಿಗಳಲ್ಲಿ ಅದನ್ನು ತಿರುವುಮುರುವು ಮಾಡಿದ್ದೇವೆ: ಜನ ಹಲವರು, ಗುರುತು ಒಂದು. ಯಾರು ಓದಿದರು, ಯಾರು ಅಳಿಸಿದರು ಎಂಬುದಕ್ಕೆ ಲೆಕ್ಕವಿಲ್ಲ.

ಪಾಸ್‌ವರ್ಡ್ ಹಂಚದೆ ಅನುಮತಿ ಹಂಚಬಹುದು. ಜಿಮೇಲ್‌ನ ಸಾಮಾನ್ಯ ಖಾತೆಯಲ್ಲೂ ಹತ್ತು ಜನ ಪ್ರತಿನಿಧಿಗಳನ್ನು ಸೇರಿಸಲು ಅವಕಾಶವಿದೆ. ಅವರು ತಂತಮ್ಮ ಖಾತೆಯಿಂದಲೇ ಕಚೇರಿ ಮೇಲ್ ಓದಿ ಉತ್ತರಿಸಬಹುದು, ಅದರ ಪಾಸ್‌ವರ್ಡ್ ಬದಲಿಸಲಾರರು. ಕಳಿಸಿದ ಆಹ್ವಾನವನ್ನು ಒಂದು ವಾರದೊಳಗೆ ಒಪ್ಪಿಕೊಳ್ಳದಿದ್ದರೆ ಅದು ರದ್ದಾಗುತ್ತದೆ. ಮೈಕ್ರೋಸಾಫ್ಟ್ 365ರ ಹಂಚಿಕೆಯ ಅಂಚೆಪೆಟ್ಟಿಗೆಯಲ್ಲಿ ಓದುವ ಅನುಮತಿ ಬೇರೆ, ಆ ವಿಳಾಸದಿಂದ ಕಳಿಸುವ ಅನುಮತಿ ಬೇರೆ. ಓದಲು ಬಂದು ಕಳಿಸಲು ಬಾರದಿದ್ದರೆ ಎರಡನೆಯದು ಸಿಕ್ಕಿಲ್ಲ ಎಂದರ್ಥ. ಯಾರಾದರೂ ವರ್ಗವಾದರೆ ಅವರೊಬ್ಬರ ಅನುಮತಿ ತೆಗೆದರಾಯಿತು, ಉಳಿದ ಮೂರು ಊರಿನ ಕೆಲಸ ನಿಲ್ಲುವುದಿಲ್ಲ.

"ಸಾರ್, ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ?" ಇಂದು ಕಚೇರಿಯವರು ಹಳೆಯ ಮ್ಯಾನೇಜರನ್ನು ಕೇಳುವ ಮಾತಿದು. ನಾಳೆ ವಂಚಕರು ಕೇಳುವುದೂ ಇದನ್ನೇ. ಕಚೇರಿಯಲ್ಲೇ ಓಟಿಪಿ ಹೇಳಿ ರೂಢಿಯಾದವರು ಆ ಕರೆಗೆ ಹೇಗೆ ಇಲ್ಲವೆಂದಾರು? ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮೇಲ್ ಸರಿಯಾಗಿ ತೆರೆಯುತ್ತಿರುವಾಗಲೇ ಅದರ ಸೆಟ್ಟಿಂಗ್ಸಿಗೆ ಹೋಗಿ, ಅಲ್ಲಿ ಯಾರ ಫೋನ್ ನಂಬರ್ ಇದೆ ನೋಡಿ. ಕಚೇರಿ ಬಿಟ್ಟು ಹೋದವರದಾಗಿದ್ದರೆ, ಆ ನಂಬರ್ ಇನ್ನೂ ಚಾಲ್ತಿಯಲ್ಲಿರುವಾಗಲೇ ಬದಲಿಸಿಕೊಳ್ಳಿ.