ಹೆತ್ತದ್ದೆಷ್ಟು, ದಕ್ಕಿದ್ದೆಷ್ಟು?



ಸಂಘದ ಸಭೆಗಳಿಗೆ ಬಂದಾಗ ನಾವು ಒಮ್ಮೊಮ್ಮೆ ಹಿರಿಯ ಸದಸ್ಯರನ್ನು ಕೇಳುವುದುಂಟು: “ಅಜ್ಜಿ, ನಿಮಗೆಷ್ಟು ಮಕ್ಕಳು?” ಉತ್ತರ ಒಂದೇ ಸಂಖ್ಯೆಯಲ್ಲಿ ಬರುವುದಿಲ್ಲ. “ಹೆತ್ತಿದ್ದು ಒಂಬತ್ತು ಸಿಸ್ಟ್ರೇ, ದಕ್ಕಿದ್ದು ಐದು” ಎನ್ನುತ್ತಾರೆ. ಅದೇ ಪ್ರಶ್ನೆಯನ್ನು ಪಕ್ಕದಲ್ಲಿ ಕುಳಿತ ಸೊಸೆಗೆ ಕೇಳಿದರೆ “ಎರಡು” ಎಂದು ಹೇಳಿ ಸುಮ್ಮನಾಗುತ್ತಾರೆ. ಹೆತ್ತದ್ದು ಬೇರೆ, ದಕ್ಕಿದ್ದು ಬೇರೆ ಎಂಬ ಲೆಕ್ಕವೇ ಅವರಿಗೆ ಬೇಕಾಗಿಲ್ಲ.

ನಮ್ಮ ಊರುಗಳಲ್ಲಿ ತಿಪ್ಪಯ್ಯ, ಕಲ್ಲಯ್ಯ, ಗುಂಡಮ್ಮ ಎಂಬ ಹೆಸರಿನ ಹಿರಿಯರು ಇದ್ದಾರಲ್ಲ, ಅವರಲ್ಲಿ ಎಷ್ಟೋ ಜನರಿಗೆ ಆ ಹೆಸರು ಬಂದದ್ದು ಹೇಗೆ ಗೊತ್ತೇ? ಮುಂಚೆ ಹುಟ್ಟಿದ ಮಕ್ಕಳು ದಕ್ಕದಿದ್ದರೆ, ಆಮೇಲೆ ಹುಟ್ಟಿದ ಕೂಸನ್ನು ತಿಪ್ಪೆ ಮೇಲೆ ಉರುಳಿಸಿ, ಸಾವಿಗೂ ಬೇಡವಾಗಲಿ ಎಂದು ಇಂಥ ಹೆಸರು ಇಡುತ್ತಿದ್ದರು. ಈಗ ನಿಮ್ಮ ಅಂಗನವಾಡಿಯ ಹಾಜರಿ ಪುಸ್ತಕ ತೆಗೆದು ನೋಡಿ, ಅಂಥ ಹೆಸರು ಸಿಗುವುದು ಕಷ್ಟ. ಅದೇ ದೊಡ್ಡ ಬದಲಾವಣೆ. ಈ ಬದಲಾವಣೆ ಹೇಗೆ ಬಂತು, ಇನ್ನೂ ಎಷ್ಟು ಬಾಕಿ ಇದೆ, ಅದರಲ್ಲಿ ನಮ್ಮ ಸಂಘದ ಪಾಲೆಷ್ಟು ಎಂಬುದನ್ನು ಇಲ್ಲಿ ತಿಳಿದುಕೊಳ್ಳೋಣ.

ಲೆಕ್ಕ ಹಾಕುವುದು ಹೇಗೆ?

ಸಾಲದ ಬಡ್ಡಿಯನ್ನು ನಾವು “ನೂರಕ್ಕೆ ಇಷ್ಟು” ಎಂದು ಹೇಳುತ್ತೇವೆ. ಹಾಗೆಯೇ ಶಿಶು ಮರಣವನ್ನು ಸಾವಿರಕ್ಕೆ ಇಷ್ಟು ಎಂದು ಹೇಳುತ್ತಾರೆ. ಜೀವಂತವಾಗಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ಎಷ್ಟು ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡರು ಎಂಬುದೇ ಶಿಶು ಮರಣ ಪ್ರಮಾಣ. ಸರ್ಕಾರದ ಮಾದರಿ ನೋಂದಣಿ ಪದ್ಧತಿಯಲ್ಲಿ, ಆಯ್ದ ಹಳ್ಳಿ ಮತ್ತು ಪಟ್ಟಣಗಳ ಜನನ ಮರಣಗಳನ್ನು ಬರೆದು ಇದನ್ನು ಲೆಕ್ಕ ಹಾಕುತ್ತಾರೆ. ಭಾರತದ ಅಂಕಿ ಹೀಗಿದೆ:

1971ರಲ್ಲಿ – 129
1981ರಲ್ಲಿ – 110
1991ರಲ್ಲಿ – 80
2001ರಲ್ಲಿ – 66
2011ರಲ್ಲಿ – 44
2020ರಲ್ಲಿ – 28
2023ರಲ್ಲಿ – 25

1971ರಲ್ಲಿ ಹೆಚ್ಚುಕಡಿಮೆ ಎಂಟು ಕೂಸುಗಳಲ್ಲಿ ಒಂದು ಮೊದಲ ವರ್ಷ ದಾಟುತ್ತಿರಲಿಲ್ಲ. 2023ರಲ್ಲಿ ನಲವತ್ತರಲ್ಲಿ ಒಂದು. ನಮ್ಮ ಕರ್ನಾಟಕದಲ್ಲಿ 2011ರಲ್ಲಿ 35 ಇದ್ದದ್ದು 2020ರಲ್ಲಿ 19ಕ್ಕೆ ಬಂತು.

ಇಳಿಕೆ ಎಲ್ಲ ಕಾಲದಲ್ಲೂ ಒಂದೇ ಸಮ ಇರಲಿಲ್ಲ. 1991ರಿಂದ ಹತ್ತು ವರ್ಷದಲ್ಲಿ ಇಳಿದದ್ದು 14 ಮಾತ್ರ. ಅದರ ಮುಂದಿನ ಹತ್ತು ವರ್ಷದಲ್ಲಿ 22 ಇಳಿಯಿತು. ಅಂದರೆ ಇದು ತಾನಾಗಿಯೇ ಇಳಿಯುವ ಅಂಕಿ ಅಲ್ಲ. ಯಾರಾದರೂ ಕೈಹಾಕಿದಾಗ ಇಳಿಯುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ.

ಇಳಿಸಿದ್ದು ಯಾವುದು?

ದೊಡ್ಡ ಆಸ್ಪತ್ರೆ, ದುಬಾರಿ ಯಂತ್ರಗಳಿಂದಲೇ ಇದೆಲ್ಲ ಆಯಿತು ಎಂದು ತಿಳಿಯಬೇಡಿ. ಬಹಳಷ್ಟು ಸಣ್ಣ ಸಣ್ಣ ಕೆಲಸಗಳಿಂದಲೇ ಆದದ್ದು.

ಮೊದಲನೆಯದು ಚುಚ್ಚುಮದ್ದು. ಹಿಂದೆ ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದು, ಬೂದಿ, ಸಗಣಿ ಮೆತ್ತಿದಾಗ ಕೂಸಿಗೆ ಧನುರ್ವಾಯು ಬರುತ್ತಿತ್ತು. ಬಂದ ಕೂಸು ಉಳಿಯುವುದು ಅಪರೂಪವಾಗಿತ್ತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಯಿತು. ಬಸುರಿಯರಿಗೆ ಚುಚ್ಚುಮದ್ದು, ಹೆರಿಗೆಗೆ ಶುದ್ಧವಾದ ಬ್ಲೇಡು ಮತ್ತು ದಾರ, ಇಷ್ಟರಿಂದಲೇ 2015ರ ಹೊತ್ತಿಗೆ ನಮ್ಮ ದೇಶ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದ ದೇಶ ಎನಿಸಿಕೊಂಡಿತು. ದಡಾರ, ಪೋಲಿಯೋ, ಗಂಟಲುಮಾರಿಗಳೂ ಹೀಗೆಯೇ ಹಿಂದಕ್ಕೆ ಸರಿದವು.

ಎರಡನೆಯದು ಉಪ್ಪು ಸಕ್ಕರೆಯ ನೀರು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು, ಸಲೈನ್ ಬಾಟಲಿ ಮುಗಿದಿತ್ತು. ಡಾ. ದಿಲೀಪ್ ಮಹಾಲನೋಬಿಸ್ ಅವರು ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕಡಿಮೆಯಾಯಿತು. ಇಂದು ಅಂಗನವಾಡಿಯಲ್ಲಿ, ಆಶಾ ಅವರ ಚೀಲದಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಅದೇ. “ಭೇದಿ ಆದಾಗ ನೀರು ಕೊಡಬಾರದು” ಎಂಬ ಮಾತು ಎಷ್ಟು ಮಕ್ಕಳನ್ನು ತೆಗೆದುಕೊಂಡಿತೋ!

ಮೂರನೆಯದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಆರಂಭವಾಯಿತು. ಅವುಗಳಲ್ಲಿ ಒಂದು ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರ.

ನಾಲ್ಕನೆಯದು ಆಸ್ಪತ್ರೆ ಹೆರಿಗೆ. 1992-93ರಲ್ಲಿ ದೇಶದಲ್ಲಿ ನೂರಕ್ಕೆ 26 ಹೆರಿಗೆ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ, ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ ಯೋಜನೆ ಬಂದವು. 2008ರಲ್ಲಿ ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ನೂರಕ್ಕೆ 89, ನಮ್ಮ ರಾಜ್ಯದಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು.

ಇವೆಲ್ಲದರ ಬೆನ್ನಿಗೆ ಹೆಣ್ಣುಮಕ್ಕಳ ಓದು ಇದೆ. ಓದಿದ ತಾಯಿ ಕಾರ್ಡು ಓದುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಎರಡು ಹೆರಿಗೆಗಳ ನಡುವೆ ಅಂತರ ಇಡುತ್ತಾಳೆ. ಹೆಣ್ಣುಮಕ್ಕಳು ಬಹಳ ಹಿಂದಿನಿಂದಲೇ ಶಾಲೆಗೆ ಹೋದ ಕೇರಳದಲ್ಲಿ 2023ರಲ್ಲಿ ಶಿಶು ಮರಣ ಪ್ರಮಾಣ 5. ಅದೇ ವರ್ಷ ಮಧ್ಯಪ್ರದೇಶದಲ್ಲಿ 37. ದೇಶ ಒಂದೇ ಆದರೂ ಹುಟ್ಟುವ ಊರು ಯಾವುದು ಎಂಬುದರ ಮೇಲೆ ಕೂಸಿನ ಆಯಸ್ಸು ನಿಂತಿದೆ. ಹಳ್ಳಿ ಪಟ್ಟಣದ ನಡುವೆಯೂ ಹೀಗೇ. 2023ರಲ್ಲಿ ಪಟ್ಟಣದಲ್ಲಿ 18, ಹಳ್ಳಿಯಲ್ಲಿ 28.

ಇನ್ನೊಂದು ವಿಷಯ. ಹುಟ್ಟುವಾಗ ಗಂಡು ಕೂಸಿಗಿಂತ ಹೆಣ್ಣು ಕೂಸೇ ಗಟ್ಟಿ. ಹೆಚ್ಚಿನ ದೇಶಗಳಲ್ಲಿ ಗಂಡು ಶಿಶುಗಳ ಸಾವೇ ಜಾಸ್ತಿ. ಆದರೆ ನಮ್ಮ ದೇಶದಲ್ಲಿ 2011ರಲ್ಲಿ ಗಂಡು 43, ಹೆಣ್ಣು 46. ದೇವರು ಗಟ್ಟಿಯಾಗಿ ಕಳಿಸಿದ ಕೂಸನ್ನು ನಾವೇ ಅಲಕ್ಷ್ಯ ಮಾಡಿ ಕಳೆದುಕೊಂಡೆವು ಎಂದೇ ಇದರ ಅರ್ಥ. ಈಚೆಗೆ ಆ ಅಂತರ ಬಹುಮಟ್ಟಿಗೆ ಮುಚ್ಚಿದೆ. ಆದರೂ ಹೆಣ್ಣು ಕೂಸಿಗೆ ಜ್ವರ ಬಂದಾಗ ಆಸ್ಪತ್ರೆಗೆ ಹೊರಡುವುದು ತಡವಾಗುತ್ತಿದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಉಳಿದ ಸಾವುಗಳು ಯಾವಾಗ ಆಗುತ್ತಿವೆ?

25 ಎಂದರೆ ಕಡಿಮೆಯಾಯಿತಲ್ಲ ಅನ್ನಿಸಬಹುದು. ಆದರೆ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುವ ದೇಶ ನಮ್ಮದು. ಸಾವಿರಕ್ಕೆ 25ರ ಲೆಕ್ಕದಲ್ಲಿ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ತೊಟ್ಟಿಲು ಬರಿದಾಗುತ್ತವೆ.

ಈ ಸಾವುಗಳು ವರ್ಷಪೂರ್ತಿ ಸಮನಾಗಿ ಹಂಚಿಹೋಗಿಲ್ಲ. 2020ರ ಲೆಕ್ಕ ನೋಡಿ. ಸಾವಿರಕ್ಕೆ 28 ಶಿಶುಗಳು ತೀರಿಕೊಂಡವು. ಅವುಗಳಲ್ಲಿ 20 ಮೊದಲ ಇಪ್ಪತ್ತೆಂಟು ದಿನದೊಳಗೆ, ಆ 20ರಲ್ಲೂ 15 ಮೊದಲ ಏಳು ದಿನದೊಳಗೆ. ಭೇದಿ, ದಡಾರದಂಥ ಕಾಯಿಲೆಗಳನ್ನು ನಾವು ಬಹುಮಟ್ಟಿಗೆ ಗೆದ್ದೆವು. ಉಳಿದದ್ದು ದಿನ ತುಂಬದೆ ಹುಟ್ಟುವುದು, ತೂಕ ಕಡಿಮೆ ಇರುವುದು, ಹುಟ್ಟಿದ ಕೂಡಲೇ ಉಸಿರಾಡದಿರುವುದು, ನಂಜು. ಇವುಗಳಲ್ಲಿ ಕೆಲವಕ್ಕೆ ಆಸ್ಪತ್ರೆಯೇ ಬೇಕು. ಆದರೆ ಎಷ್ಟೋ ಕೂಸುಗಳು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಬಾಣಂತಿ ಕೋಣೆಯ ಮುಚ್ಚಿದ ಬಾಗಿಲ ಒಳಗೆ ಸೊರಗುತ್ತವೆ.

ಐದನೇ ದಿನ

ನಮ್ಮ ಸಂಘವೊಂದರ ಸದಸ್ಯೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಆಸ್ಪತ್ರೆಯಲ್ಲೇ ಸುಸೂತ್ರವಾಯಿತು. ಕೂಸು ಎರಡು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮೂರನೇ ದಿನ ಆಶಾ ಬಂದು ನೋಡಿದರು, ಹಾಲು ಕುಡಿಯುತ್ತಿತ್ತು. ಐದನೇ ದಿನ ಕುಡಿಯುವುದು ಕಡಿಮೆಯಾಯಿತು, ಅಳುವುದೂ ನಿಂತಿತು. “ಎಷ್ಟು ಒಳ್ಳೆ ಕೂಸು, ಸದ್ದೇ ಇಲ್ಲ” ಎಂದರು ನೋಡಲು ಬಂದವರು. ತಾಯಿಗೆ ಸಂಶಯ ಬಂದು ಹೇಳಿದಾಗ ಮನೆಯ ಹಿರಿಯರು “ಪುರುಡು ಕಳೀಲಿ, ಆಮೇಲೆ ಕರ್ಕೊಂಡು ಹೋಗೋಣ” ಎಂದರು. ಏಳನೇ ದಿನ ಆಶಾ ಬರುವ ಹೊತ್ತಿಗೆ ಕೂಸಿನ ಮೈ ತಣ್ಣಗಾಗಿತ್ತು.

ಸಂಘದವರು ಹಣ ಕೂಡಿಸಿ ಆ ಮನೆಗೆ ಹೋದರು. ನಾವೂ ಜೊತೆಗಿದ್ದೆವು. ಹಿಂದಿರುಗುವಾಗ ಒಬ್ಬ ಸದಸ್ಯೆ ಹೇಳಿದರು: “ಈ ದುಡ್ಡು ಇವತ್ತು ಯಾಕೆ ಸಿಸ್ಟ್ರೇ? ಐದನೇ ದಿನ ಕೊಟ್ಟಿದ್ರೆ ಆಟೋಕ್ಕಾದ್ರೂ ಆಗ್ತಿತ್ತು.” ನಮ್ಮಲ್ಲಿ ಉತ್ತರ ಇರಲಿಲ್ಲ. ಯಾಕೆಂದರೆ ಅದೇ ಐದನೇ ದಿನ ಸಂಘದ ಸಭೆ ಇತ್ತು. ಕೂಸಿನ ಅಜ್ಜಿ ಬಂದು ಉಳಿತಾಯ ಕಟ್ಟಿ ಹೋಗಿದ್ದರು. ನಾವು ಕಂತು ಕೇಳಿದೆವು, ಕೂಸಿನ ವಿಷಯ ಕೇಳಲಿಲ್ಲ.

ಬಾಣಂತಿ ಕೋಣೆಯಲ್ಲಿ ಯಾವುದು ಇರಲಿ, ಯಾವುದು ಬೇಡ?

ನಮ್ಮ ಹಿರಿಯರ ಪದ್ಧತಿಗಳೆಲ್ಲ ಕೆಟ್ಟವಲ್ಲ. ಬಾಣಂತಿಗೆ ವಿಶ್ರಾಂತಿ, ಕೂಸನ್ನು ಬೆಚ್ಚಗಿಡುವುದು, ಹೊರಗಿನವರು ಕೂಸನ್ನು ಮುಟ್ಟದಿರುವುದು, ಇವೆಲ್ಲ ಒಳ್ಳೆಯವೇ. ಇವು ಇರಲಿ. ಕೆಲವನ್ನು ಮಾತ್ರ ಬಿಡಬೇಕು.

• ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಮೊದಲ ಹಳದಿ ಹಾಲು, ನಾವು ಗಿಣ್ಣುಹಾಲು ಎನ್ನುತ್ತೇವಲ್ಲ, ಅದನ್ನು ಚೆಲ್ಲಬಾರದು. ಅದು ಕೂಸಿನ ಮೊದಲ ಲಸಿಕೆ ಇದ್ದ ಹಾಗೆ. ದೇಶದಲ್ಲಿ ನೂರಕ್ಕೆ 89 ಹೆರಿಗೆ ಆಸ್ಪತ್ರೆಯಲ್ಲಾದರೂ, ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ ಮಕ್ಕಳು ನೂರಕ್ಕೆ 42 ಮಾತ್ರ.
• ಆರು ತಿಂಗಳು ಎದೆಹಾಲು ಮಾತ್ರ. ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ಬೇಡ.
• ಹುಟ್ಟಿದ ದಿನವೇ ಸ್ನಾನ ಬೇಡ. ತೂಕ ಕಡಿಮೆ ಇರುವ ಕೂಸಿಗೆ ಇನ್ನೂ ತಡವಾಗಿ, ನರ್ಸ್ ಹೇಳಿದ ಮೇಲೆ ಮಾಡಿಸಿ. ಅಂಥ ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ ಕಟ್ಟಿಕೊಂಡು ಬೆಚ್ಚಗಿಡಬೇಕು.
• ಹೊಕ್ಕುಳಿಗೆ ಏನನ್ನೂ ಹಚ್ಚಬೇಡಿ. ಒಣಗಿರಲಿ.
• ಕೋಣೆಯಲ್ಲಿ ಕೆಂಡ, ಹೊಗೆ ಬೇಡ. ಕೂಸಿನ ಶ್ವಾಸಕೋಶ ತಡೆಯುವುದಿಲ್ಲ.

ಈ ಗುರುತು ಕಂಡರೆ ಕಾಯಬೇಡಿ

ಹಾಲು ಕುಡಿಯದಿರುವುದು, ಅಥವಾ ಮೊದಲಿಗಿಂತ ಕಡಿಮೆ ಕುಡಿಯುವುದು, ಮೈ ತಣ್ಣಗಾಗುವುದು ಅಥವಾ ಜ್ವರ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಉಸಿರು ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುವುದು, ಕೈಕಾಲು ಆಡಿಸದೆ ಮಂಕಾಗಿರುವುದು, ಫಿಟ್ಸ್, ಅಂಗೈ ಅಂಗಾಲು ಹಳದಿಯಾಗುವುದು, ಹೊಕ್ಕುಳಲ್ಲಿ ಕೀವು. ಇವುಗಳಲ್ಲಿ ಒಂದು ಕಂಡರೂ ಆಶಾ ಅವರಿಗೆ ತಿಳಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಪುರುಡು ನೋಡಬೇಡಿ, ಅಮಾವಾಸ್ಯೆ ನೋಡಬೇಡಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಉಚಿತ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಕೂಸಿಗೆ ಚಿಕಿತ್ಸೆ, ಔಷಧಿ ಉಚಿತ. ಇದು ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ.

ನಮ್ಮ ಸಂಘ ಏನು ಮಾಡಬಹುದು?

“ನಾವೇನು ಡಾಕ್ಟರೇ ಸಿಸ್ಟ್ರೇ?” ಎಂದು ನೀವು ಕೇಳಬಹುದು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ನವಜಾತ ಶಿಶುಗಳನ್ನು ನೋಡಿಕೊಳ್ಳುವಂತೆ ಮಾಡಿದರು. ಮೊದಲ ತಿಂಗಳ ಸಾವು ನೂರಕ್ಕೆ 62ರಷ್ಟು ಇಳಿಯಿತು. 1999ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಅದೇ ದಾರಿಯಲ್ಲಿ 2011ರಿಂದ ದೇಶದ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡುತ್ತಾರೆ. ಆ ದಿನಗಳ ನಡುವೆ ಇರುವವರು ಅಕ್ಕಪಕ್ಕದ ನಾವೇ. ಆದ್ದರಿಂದ:

1. ಪ್ರತಿ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಕೇಳಿ: “ಯಾರ ಮನೇಲಿ ಬಾಣಂತಿ ಇದ್ದಾರೆ? ಕೂಸು ಹಾಲು ಕುಡಿತಿದೆಯಾ?” ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.
2. ಕೂಸಿನ ಮೊದಲ ತಿಂಗಳು ಇಬ್ಬರು ಸದಸ್ಯರು ಸರದಿಯಂತೆ ದಿನಕ್ಕೊಮ್ಮೆ ಬಾಗಿಲಿಗೆ ಹೋಗಿ ವಿಚಾರಿಸಿ.
3. ಕೂಸಿನ ತುರ್ತಿಗೆಂದು ಸ್ವಲ್ಪ ಹಣ ಬೇರೆ ಇಡಿ. ಇದಕ್ಕೆ ಠರಾವು, ಸಹಿ ಎಂದು ಕಾಯಿಸಬೇಡಿ. ಮೊದಲು ಆಸ್ಪತ್ರೆ, ಲೆಕ್ಕ ಆಮೇಲೆ.
4. ಬಸುರಿಯರು ಕಬ್ಬಿಣದ ಮಾತ್ರೆ ನುಂಗುತ್ತಿದ್ದಾರೆಯೇ ನೋಡಿ. 2019-21ರ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ತಾಯಿ ಸೊರಗಿದರೆ ಕೂಸಿನ ತೂಕವೂ ಕಡಿಮೆ.
5. ಹದಿನೆಂಟು ತುಂಬದ ಹುಡುಗಿಯ ಮದುವೆಗೆ ಸಂಘದಿಂದ ಸಾಲ ಕೊಡಬೇಡಿ. ತಾನೇ ಮಗುವಾಗಿರುವವಳ ಮಗುವಿಗೆ ಅಪಾಯ ಹೆಚ್ಚು.

ಆ ಐದನೇ ದಿನದ ನಂತರ ಆ ಸಂಘದಲ್ಲಿ ಕಂತಿಗಿಂತ ಮೊದಲು ಕೂಸಿನ ವಿಷಯ ಕೇಳುತ್ತಾರೆ. ನಮಗೆ ಇದನ್ನು ಕಲಿಸಿದವರು ಅವರೇ. ನಿಮ್ಮ ಸಂಘದಲ್ಲೂ ಮುಂದಿನ ಸಭೆಯಿಂದಲೇ ಶುರುವಾಗಲಿ. ಮುಂದೆ ನಮ್ಮ ಮೊಮ್ಮಕ್ಕಳನ್ನು ಯಾರಾದರೂ “ಎಷ್ಟು ಮಕ್ಕಳು?” ಎಂದು ಕೇಳಿದಾಗ, ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ ಬರುವಂತಾಗಲಿ.

ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದ ಹಿರಿಯ ಸದಸ್ಯರು ಹೆತ್ತದ್ದೆಷ್ಟು, ದಕ್ಕಿದ್ದೆಷ್ಟು? ಕಿರಿಯರ ಲೆಕ್ಕವೇನು?
• ಕಳೆದ ಎರಡು ವರ್ಷದಲ್ಲಿ ನಮ್ಮ ಊರಿನಲ್ಲಿ ತೀರಿಕೊಂಡ ಶಿಶುಗಳೆಷ್ಟು? ಎಷ್ಟನೇ ದಿನ? ತಡವಾದದ್ದು ಎಲ್ಲಿ: ಮನೆಯಲ್ಲೇ, ದಾರಿಯಲ್ಲೇ, ಆಸ್ಪತ್ರೆಯಲ್ಲೇ?
• ಈಗ ನಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾರೆ? ಈ ವಾರ ಹೋಗಿ ನೋಡುವವರು ಯಾರು?